ಬಾಗಲಕೋಟೆಯಲ್ಲಿದ್ದುಕೊಂಡೇ 6ಜಿ ಮೇಲೆ ಪಿಎಚ್‌ಡಿ ಮಾಡಬಹುದಾ? ಟೆರಾಹರ್ಟ್ಸ್ ತಗೊಳ್ಳಲಾ, ಆರ್‌ಐಎಸ್ ತಗೊಳ್ಳಲಾ?

ಮನೆ ಮುಧೋಳದ ಹತ್ತಿರ, ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ, ಲ್ಯಾಬಿನಲ್ಲಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಬಿಟ್ಟರೆ ಬೇರೇನೂ ಇಲ್ಲ ಎಂದು ಬರೆದಿದ್ದೀರಿ. ಊರಿನ ಹೆಸರು ಬದಲಿಸಿದರೆ ಇದು ನನ್ನದೇ ಪ್ರಶ್ನೆ. ನಾನು ವಿಜಯಪುರದವನು. ಪಾಠ ಮಾಡುತ್ತಲೇ 2020ರಲ್ಲಿ ಪಿಎಚ್‌ಡಿಗೆ ಸೇರಿದೆ. ವಿಷಯ ಆರ್‌ಐಎಸ್. ಆಗ ಎಲ್ಲರ ಬಾಯಲ್ಲೂ ಅದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೆರಾಹರ್ಟ್ಸ್ ಅಂದರೆ ಈಗಿನ ಮೊಬೈಲ್ ಅಲೆಗಳಿಗಿಂತ ತುಂಬಾ ಹೆಚ್ಚಿನ ಆವರ್ತನದ ಅಲೆಗಳು. ಆರ್‌ಐಎಸ್ ಅಂದರೆ ಗೋಡೆಗೆ ಕೂರಿಸುವ ಒಂದು ಹಲಗೆ, ಅದರ ಮೇಲೆ ನೂರಾರು ಪುಟ್ಟ ಆಂಟೆನಾ ತುಂಡುಗಳು. ಟವರಿನಿಂದ ಬಂದ ಅಲೆಯನ್ನು ಪ್ರತಿ ತುಂಡೂ ಒಂಚೂರು ತಡಮಾಡಿ ವಾಪಸ್ ಬಿಡುತ್ತದೆ. ಆ ತಡವನ್ನು ಸರಿಯಾಗಿ ಹೊಂದಿಸಿದರೆ ಎಲ್ಲ ಅಲೆಗಳೂ ಫೋನಿನ ಹತ್ತಿರ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತುಂಡುಗಳು ಎರಡು ಪಟ್ಟಾದರೆ ಸಿಗುವ ಶಕ್ತಿ ನಾಲ್ಕು ಪಟ್ಟು. ಯಾರಿಗೆ ಆಸೆ ಆಗಲ್ಲ ಹೇಳಿ.

ನನ್ನ ತಪ್ಪು ಕೋಡಿನ ಒಂದೇ ಒಂದು ಸಾಲಿನಲ್ಲಿತ್ತು. ಟವರಿನಿಂದ ಹಲಗೆಗೆ 50 ಮೀಟರ್, ಹಲಗೆಯಿಂದ ಫೋನಿಗೆ 50 ಮೀಟರ್ ಅಂತ ಇಟ್ಟಿದ್ದೆ. ಎರಡನ್ನೂ ಕೂಡಿಸಿ, 100 ಮೀಟರ್ ಬಯಲಿನಲ್ಲಿ ಎಷ್ಟು ನಷ್ಟವೋ ಅಷ್ಟನ್ನೇ ಕಳೆದೆ. 28 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 101 ಡಿಬಿ (ಶಕ್ತಿ ಎಷ್ಟು ಪಟ್ಟು ಬದಲಾಯಿತು ಅನ್ನುವ ಅಳತೆ, ಪ್ರತಿ 10 ಡಿಬಿಗೆ ಹತ್ತು ಪಟ್ಟು). ಅದರ ಮೇಲೆ 256 ತುಂಡುಗಳ ಲಾಭ 48 ಡಿಬಿ ಕೊಟ್ಟುಕೊಂಡೆ. ಉಳಿದ ನಷ್ಟ ಬರೀ 53 ಡಿಬಿ. ಗ್ರಾಫ್ ಎಷ್ಟು ಚೆಂದ ಬಂತು ಅಂದರೆ, ಪ್ರಿಂಟ್ ತೆಗೆದು ಮನೆಯವರಿಗೆಲ್ಲ ತೋರಿಸಿದ್ದೆ.

ಯಾಕೆ ಕೂಡಿಸಿದೆ? ನನ್ನ ತಲೆಯಲ್ಲಿ ಹಲಗೆ ಅಂದರೆ ಕನ್ನಡಿ. ವಿಜಯಪುರದಲ್ಲಿ ಬೆಳೆದವರಿಗೆ ಇದು ಹುಟ್ಟು ರೋಗ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಕಡೆ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ಕೇಳುತ್ತದೆ. ಗೋಡೆಗೆ ಬಡಿದರೆ ಅಲೆ ಹಾಗೇ ಮುಂದೆ ಹೋಗುತ್ತದೆ ಅಂತ ಚಿಕ್ಕಂದಿನಲ್ಲೇ ಮನಸ್ಸಿಗೆ ಕೂತುಬಿಟ್ಟಿತ್ತು. ಆ ಗೋಡೆ ಎಷ್ಟು ದೊಡ್ಡದು, ನನ್ನ ಹಲಗೆ ಎಷ್ಟು ಚಿಕ್ಕದು ಅಂತ ಯೋಚನೆಯೇ ಮಾಡಲಿಲ್ಲ.

2022ರ ಕೊನೆಯಲ್ಲಿ ಬೆಳಗಾವಿಯಲ್ಲಿ ಪ್ರಗತಿ ಪರಿಶೀಲನೆ ಇತ್ತು. ರಾತ್ರಿ ಬಸ್ಸಿನಲ್ಲಿ ಹೋಗಿ, ನಿದ್ದೆಗಣ್ಣಿನಲ್ಲೇ ನಲವತ್ತು ಸ್ಲೈಡ್ ತೋರಿಸಿದೆ. ಸಮಿತಿಯಲ್ಲಿ ಒಬ್ಬ ಹಿರಿಯರಿದ್ದರು. ವೃತ್ತಿಯುದ್ದಕ್ಕೂ ಮೈಕ್ರೋವೇವ್ ಲಿಂಕ್ ಕೂರಿಸಿ ನಿವೃತ್ತರಾದವರು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ಈ ಹಲಗಿ ಎಷ್ಟ್ ದೊಡ್ಡದೈತ್ರೀ ಸರ? ಕೈಯಾಗ ಮಾಡಿ ತೋರಸ್ರಿ."

ಎರಡೂವರೆ ವರ್ಷ ಅದರ ಮೇಲೆ ಕೆಲಸ ಮಾಡಿದ್ದೆ. ಹಲಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ.

ಬೋರ್ಡಿನ ಮೇಲೆ ಅವರೇ ಲೆಕ್ಕ ಹಾಕಿಸಿದರು. 28 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 1 ಸೆಂ.ಮೀ.ಗಿಂತ ತುಸು ಜಾಸ್ತಿ. ತುಂಡುಗಳ ನಡುವೆ ಅದರ ಅರ್ಧ. ಸಾಲಿಗೆ 16ರಂತೆ 16 ಸಾಲು ಅಂದರೆ ಹಲಗೆ ಸುಮಾರು ಎಂಟೂವರೆ ಸೆಂ.ಮೀ. ಚೌಕ. ನನ್ನ ಅಂಗೈ ಅಗಲ! ಟವರಿನ ಶಕ್ತಿ ಎಲ್ಲ ದಿಕ್ಕಿಗೂ ಹರಡುತ್ತದೆ ಅಂದುಕೊಂಡರೆ 50 ಮೀಟರ್ ದೂರದಲ್ಲಿ ಈ ಅಂಗೈ ಮೇಲೆ ಬೀಳುವುದು ಅದರಲ್ಲಿ ಎಷ್ಟು ಪಾಲು? ಮೈನಸ್ 66 ಡಿಬಿ. ನನ್ನ ಗ್ರಾಫ್ ಪ್ರಕಾರ ಫೋನಿಗೆ ತಲುಪುತ್ತಿದ್ದುದು ಮೈನಸ್ 53. ಹಲಗೆಗೆ ಬಿದ್ದಿದ್ದರ 20 ಪಟ್ಟು ಶಕ್ತಿ ಫೋನಿಗೆ ಸಿಗುತ್ತಿತ್ತು. ಹೊಲಕ್ಕೆ ಒಂದು ಚೀಲ ಹೊತ್ತುಕೊಂಡು ಹೋಗಿ, ಬೀಜ ಬಿತ್ತದೆಯೇ ಇಪ್ಪತ್ತು ಚೀಲ ಮನೆಗೆ ತಂದ ಹಾಗೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸರಿಯಾದ ಲೆಕ್ಕ ಹೀಗಿದೆ. ಮೊದಲ 50 ಮೀಟರಿನಲ್ಲಿ ಅಲೆ ಹರಡುತ್ತದೆ. ಅದರಲ್ಲಿ ಅಂಗೈಗೆ ಸಿಕ್ಕಿದ್ದು ಒಂದು ಹನಿ. ಪ್ರತಿ ತುಂಡೂ ಆ ಹನಿಯನ್ನು ಹೊಸದಾಗಿ ಚೆಲ್ಲುತ್ತದೆ, ಮುಂದಿನ 50 ಮೀಟರಿನಲ್ಲಿ ಅದು ಮತ್ತೆ ಹರಡುತ್ತದೆ. ಹಾಗಾಗಿ ದೂರಗಳನ್ನು ಕೂಡಿಸುವಂತಿಲ್ಲ, ನಷ್ಟಗಳನ್ನು ಗುಣಿಸಬೇಕು. ಡಿಬಿಯಲ್ಲಿ 95ಕ್ಕೆ ಇನ್ನೊಂದು 95, ಅಂದರೆ ಸುಮಾರು 190. ಅದರಲ್ಲಿ 48 ಕಳೆದರೆ 142. ತುಂಡುಗಳಿಗೆ ಅವುಗಳದೇ ಗೇನ್ (ಶಕ್ತಿಯನ್ನು ಒಂದು ದಿಕ್ಕಿಗೆ ಕೂಡಿಸುವ ಗುಣ) ಕೊಟ್ಟರೆ ಒಂದು ಹತ್ತು ಡಿಬಿ ಸುಧಾರಿಸಬಹುದು, ಅಷ್ಟೇ. ಅದೇ ಜಾಗದಲ್ಲಿ ನಿಜವಾದ ಕನ್ನಡಿಯ ಕೆಲಸ ಆಗಬೇಕಾದರೆ ಹಲಗೆ ಮೀಟರ್ ಅಗಲವಾದರೂ ಇರಬೇಕು. 101 ಡಿಬಿಯ ಲೆಕ್ಕ ಆ ಕನ್ನಡಿಗೆ ಸಲ್ಲುತ್ತದೆ, ಅದಕ್ಕೆ ಮೇಲೆ 48 ಸೇರಿಸಲು ಬರುವುದೇ ಇಲ್ಲ. ನಾನು ಕನ್ನಡಿಯ ಲಾಭವನ್ನೂ ತಗೊಂಡೆ, ತುಂಡುಗಳ ಲಾಭವನ್ನೂ ತಗೊಂಡೆ. ಒಂದೇ ಬಿಲ್ಲಿಗೆ ಎರಡು ಸಲ ರಿಯಾಯಿತಿ.

ಜರ್ನಲ್‌ಗೆ ಒಪ್ಪಿತವಾಗಿದ್ದ ಒಂದು ಲೇಖನವನ್ನು ನಾನೇ ಪತ್ರ ಬರೆದು ವಾಪಸ್ ತಗೊಂಡೆ. ಕಾನ್ಫರೆನ್ಸ್‌ನದು ಆಗಲೇ ಪ್ರಕಟವಾಗಿತ್ತು. ಅದನ್ನು ಈಗಲೂ ಯಾರೋ ಉಲ್ಲೇಖಿಸುತ್ತಾರೆ, ಆ ಈಮೇಲ್ ಬಂದಾಗಲೆಲ್ಲ ಹೊಟ್ಟೆ ತೊಳೆಸುತ್ತದೆ. ಮ್ಯಾಟ್‌ಲ್ಯಾಬ್ ಒಂದು ಸಲವೂ ಎಚ್ಚರಿಕೆ ಕೊಡಲಿಲ್ಲ. ಅದು ಕೇಳಿದ್ದನ್ನು ಮಾಡುತ್ತದೆ, ಪಾಪ.

ಈಗ ನಿಮ್ಮ ಪ್ರಶ್ನೆ. ಟೆರಾಹರ್ಟ್ಸಾ, ಆರ್‌ಐಎಸ್ಸಾ ಅಂತ ಕೇಳುವುದೇ ತಪ್ಪು. ಟೆರಾಹರ್ಟ್ಸ್ ಕಡೆಗಿನ ಮೊದಲ ಮೆಟ್ಟಿಲಾದ 140 ಗಿಗಾಹರ್ಟ್ಸ್‌ನಲ್ಲೇ ನೀವು ಏನನ್ನೂ ಅಳೆಯಲಾರಿರಿ, ಆ ಉಪಕರಣ ನಮ್ಮ ಕಡೆಯ ಕಾಲೇಜುಗಳ ಕೈಗೆ ಎಟುಕುವಂಥದ್ದಲ್ಲ. ಆರ್‌ಐಎಸ್ ಮೇಲೆ ಲೇಖನಗಳ ಪ್ರವಾಹವೇ ಬಂತು. ಆದರೆ ಮೊಬೈಲ್ ಜಾಲದ ಮಾನದಂಡ ಬರೆಯುವ ಜಾಗತಿಕ ಒಕ್ಕೂಟ 3ಜಿಪಿಪಿಯ, 2024ರಲ್ಲಿ ಮುಗಿದ ರಿಲೀಸ್ 18ರಲ್ಲಿ ಜಾಗ ಸಿಕ್ಕಿದ್ದು ಅದಕ್ಕಲ್ಲ, ಟವರಿನ ಮಾತು ಕೇಳಿ ಸಿಗ್ನಲ್ ಹಿಗ್ಗಿಸಿ ಮುಂದೆ ಕಳಿಸುವ ರಿಪೀಟರ್‌ಗೆ. ಇವತ್ತು ಬಿಸಿಯಾಗಿರುವ ವಿಷಯ ನಿಮ್ಮ ಐದು ವರ್ಷ ಮುಗಿಯುವಷ್ಟರಲ್ಲಿ ಆರಿರುತ್ತದೆ. ನಿಮ್ಮ ಕೈಯಿಂದ ಅಳೆಯಬಹುದಾದದ್ದು ಯಾವುದು ಅಂತ ಮೊದಲು ನೋಡಿ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಾ? ಖರೇ ಹೇಳಬೇಕೆಂದರೆ ಅಲ್ಲಿದ್ದಿದ್ದರೆ ನನ್ನ ತಪ್ಪು ಮೂರೇ ದಿನದಲ್ಲಿ ಸಿಕ್ಕಿಬೀಳುತ್ತಿತ್ತು. ಲ್ಯಾಬಿನಿಂದಲ್ಲ, ಚಹಾ ಕುಡಿಯುವಾಗ ಪಕ್ಕದವನು ಏನೋ ಕೇಳುತ್ತಿದ್ದ, ಅದರಿಂದ. ಆ ಪಕ್ಕದವನನ್ನು ಇಲ್ಲೇ ಹುಡುಕಿಕೊಳ್ಳಿ. ದೂರಸಂಪರ್ಕದಲ್ಲಿ ದುಡಿದು ನಿವೃತ್ತರಾದವರು ನಿಮ್ಮ ಊರಲ್ಲೂ ಇರುತ್ತಾರೆ, ವಾರಕ್ಕೊಂದು ಸಂಜೆ ಕೊಟ್ಟರೂ ಸಾಕು. ನನಗೆ ಆ ಹಿರಿಯರೇ ಸಿಕ್ಕರು. ನನ್ನ ಪ್ರಬಂಧ ಮತ್ತೆ ಎದ್ದು ನಿಂತಿದ್ದು ಅವರಿಂದ.

ಹೊಸ ವಿಷಯ ಏನು ಗೊತ್ತಾ? ಕಬ್ಬು. ನಗಬೇಡಿ. 2023ರಲ್ಲಿ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 6ಜಿಯ ಚೌಕಟ್ಟನ್ನು ಒಪ್ಪಿದಾಗ ಹೇಳಿದ ಆರು ಬಳಕೆಗಳಲ್ಲಿ ಒಂದು, ಎಲ್ಲ ಕಡೆಗೂ ಸಂಪರ್ಕ ಮುಟ್ಟಿಸುವುದು. ಆಳೆತ್ತರ ಮೀರಿದ ಹಸಿ ಕಬ್ಬಿನ ನಡುವೆ ಸಿಗ್ನಲ್ ಎಷ್ಟು ಸಾಯುತ್ತದೆ? ಮುಂಜಾನೆ ಎಲೆ ಮೇಲೆ ಇಬ್ಬನಿ ಇದ್ದಾಗ? ನೀರು ಬಿಟ್ಟ ದಿನ? ಕಡಿದ ಮರುದಿನ? ಗಿಡಮರಗಳಿಂದ ಆಗುವ ನಷ್ಟಕ್ಕೆ ಐಟಿಯುದೇ ಪಿ.833 ಅನ್ನುವ ಮಾದರಿ ಇದೆ, ಅದನ್ನು ನಿಮ್ಮ ಹೊಲದಲ್ಲಿ ಒರೆಗೆ ಹಚ್ಚಿ ನೋಡಬಹುದು. ಈ ಕೆಲಸಕ್ಕೆ ಮುಧೋಳ, ಜಮಖಂಡಿಗಿಂತ ಒಳ್ಳೆ ಲ್ಯಾಬ್ ಬೆಂಗಳೂರಿನಲ್ಲಿ ಎಲ್ಲಿದೆ?

ಒಂದೇ ಮಾದರಿಯ ಎರಡು ಫೋನು, ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ ಫೋನಿಗೆ ಎಷ್ಟು ಬಲವಾಗಿ ಸಿಗುತ್ತಿದೆ ಅನ್ನುವ ಅಂಕಿ) ಬರೆದಿಡುವ ಒಂದು ಆ್ಯಪ್ ಇದ್ದರೆ ಶುರು ಮಾಡಬಹುದು. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಹಿಡಿಯುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕೋಲಿಗೆ ಕಟ್ಟಿ, ಎತ್ತರ ಬರೆದುಕೊಳ್ಳಿ. ಕಟಾವು ಶುರುವಾಗುವ ಮುಂಚೆ ಮೊದಲ ಅಳತೆ ಮುಗಿಸಿ, ಆಮೇಲೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ಹಾಂ, ಒಳಗೆ ಹೋಗುವಾಗ ಬೂಟು ಹಾಕಿಕೊಳ್ಳಿ. ಹಾವು ಜಾಸ್ತಿ.