ಗುಂಡಿ ಒತ್ತಿದರೆ ನಿಲ್ಲುವುದು ನಿಮ್ಮ ಕೈ, ಹಕ್ಕಿಯಲ್ಲ

ಗುಂಡಿ ಒತ್ತಿದರೆ ಕಂಪನ ತಡೆಯುವ (ಸ್ಟೆಬಿಲೈಸ್ಡ್) ಬೈನಾಕ್ಯುಲರ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಒಬ್ಬೊಬ್ಬರು ಒಂದೊಂದು ಮಾತಿನಲ್ಲಿ ಕೇಳುತ್ತಾರೆ, ಅಷ್ಟೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಹಾಗಾಗಿ ಈ ಸಲದ ಜಾಗವನ್ನು ಹೆಚ್ಚುಕಡಿಮೆ ಅದಕ್ಕೇ ಬಿಟ್ಟುಕೊಡುತ್ತೇನೆ. 8×42 ಎಂದರೇನು, ಎರಡು ಕಣ್ಣಿನ ಅಂತರಕ್ಕೆ ಹೊಂದಿಸುವುದು ಹೇಗೆ, ಡಯಾಪ್ಟರ್ ಯಾವ ಕಡೆ ತಿರುಗಿಸಬೇಕು ಎಂಬುದೆಲ್ಲ ಇಲ್ಲಿ ಇರುವುದಿಲ್ಲ. ಡಬ್ಬಿಯೊಳಗೆ ಕೈಪಿಡಿ ಇದೆ, ದಯವಿಟ್ಟು ಅದನ್ನು ಓದಿ.

ಪ್ರಶ್ನೆ: 12×36 ಸ್ಟೆಬಿಲೈಸ್ಡ್ ಬೈನಾಕ್ಯುಲರ್ ಕೊಂಡಿದ್ದೇನೆ. ಕೂತ ಹಕ್ಕಿ ಚೆನ್ನಾಗಿ ಕಾಣುತ್ತದೆ. ಹಾರುವ ಹಕ್ಕಿಯನ್ನು ಹಿಂಬಾಲಿಸಿದರೆ ಮಾತ್ರ ನೋಟ ಮೊದಲು ಹಿಂದೆ ಉಳಿಯುತ್ತದೆ, ಆಮೇಲೆ ನೀರಿನ ಮೇಲೆ ತೇಲಿದಂತೆ ಮುಂದೆ ಜಾರುತ್ತದೆ. ಒಮ್ಮೊಮ್ಮೆ ತಲೆ ತಿರುಗುತ್ತದೆ. ನನ್ನದು ಕೆಟ್ಟಿದೆಯೇ?

ಕೆಟ್ಟಿಲ್ಲ. ಅದು ತನಗೆ ಹೇಳಿದ ಕೆಲಸವನ್ನೇ ಮಾಡುತ್ತಿದೆ. ಹಕ್ಕಿಯನ್ನು ನಿಲ್ಲಿಸಿಕೊಡುತ್ತದೆ ಎಂದು ಅಂಗಡಿಯವರು ಹೇಳಿರಬಹುದು, ನೀವೂ ನಂಬಿರಬಹುದು. ಅದು ಹಿಡಿದು ನಿಲ್ಲಿಸುವುದು ನಿಮ್ಮ ಕೈನಡುಕವನ್ನು ಮಾತ್ರ. ಹಕ್ಕಿಯ ಚಲನೆ ಅದಕ್ಕೆ ಗೊತ್ತೇ ಇಲ್ಲ.

ಒಳಗೆ ಏನಾಗುತ್ತದೆ ಎಂದು ತಿಳಿದುಕೊಂಡರೆ ಈ ತೇಲಾಟದ ಬಗ್ಗೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಆರೋಗ್ಯವಂತರ ಕೈ ಕೂಡ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸಣ್ಣಗೆ ಅದುರುತ್ತಲೇ ಇರುತ್ತದೆ. ಅದರ ಮೇಲೆ ಉಸಿರಾಟದ ಏರಿಳಿತ, ಎದೆಬಡಿತದ ತಟ್ಟು. 12 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಈ ಅದುರನ್ನೂ 12 ಪಟ್ಟು ಹಿಗ್ಗಿಸುತ್ತದೆ. ಇದನ್ನು ಹಿಡಿಯಲು ಒಳಗೆ ಎರಡು ಪುಟ್ಟ ಗೈರೋ ಸೆನ್ಸರ್‌ಗಳಿರುತ್ತವೆ. ಒಂದು ಮೇಲೆ-ಕೆಳಗಿನ ಅದುರನ್ನು ಅಳೆದರೆ ಇನ್ನೊಂದು ಎಡ-ಬಲದ್ದನ್ನು ಅಳೆಯುತ್ತದೆ. ಕ್ಯಾನನ್ 1995ರಲ್ಲಿ ತಂದ 12×36 ಇಮೇಜ್ ಸ್ಟೆಬಿಲೈಸರ್, ಅಂದರೆ ಐಎಸ್‌ನಿಂದ ಆರಂಭವಾದ ವಿಧಾನದಲ್ಲಿ ಎರಡು ಗಾಜಿನ ಬಿಲ್ಲೆಗಳ ನಡುವೆ ತಿಳಿ ದ್ರವ ತುಂಬಿ, ಸುತ್ತ ತಿದಿಯಂಥ ಮಡಿಕೆಯಿಂದ ಮುಚ್ಚಿರುತ್ತಾರೆ. ಕೈ ಅದುರಿದಾಗ ಬಿಲ್ಲೆ ಅಷ್ಟೇ ಲೆಕ್ಕದಲ್ಲಿ ವಾಲಿ, ಬೆಳಕನ್ನು ಎದುರು ದಿಕ್ಕಿಗೆ ಬಾಗಿಸುತ್ತದೆ. ಹೊಸ ಸಣ್ಣ ಮಾದರಿಗಳಲ್ಲಿ ಬಿಲ್ಲೆಯ ಬದಲು ಒಂದು ಲೆನ್ಸ್ ಆಚೀಚೆ ಸರಿಯುತ್ತದೆ. ಫ್ಯುಜಿನಾನ್‌ನ ಟೆಕ್ನೋ-ಸ್ಟಾಬಿ ಬೇರೆ ಜಾತಿ: ಪ್ರಿಸಂಗಳನ್ನೇ ಎಲ್ಲ ಕಡೆಗೂ ತಿರುಗುವ ಚೌಕಟ್ಟಿನಲ್ಲಿ ಕೂರಿಸಿರುತ್ತಾರೆ. ಹೊರಗಿನ ಕವಚ ಎತ್ತ ಹೊರಳಿದರೂ ಪ್ರಿಸಂ ಇದ್ದಲ್ಲೇ ಇರುತ್ತದೆ. ಝೈಸ್ 1990ರಲ್ಲಿ ತಂದ 20×60 ಎಸ್ ಅಂತೂ ಸೆಲ್ಲೇ ಇಲ್ಲದೆ ಪೂರಾ ಯಾಂತ್ರಿಕ ಜೋಡಣೆಯಿಂದ ಇದೇ ಕೆಲಸ ಮಾಡುತ್ತದೆ. ತೂಕ ಒಂದೂವರೆ ಕಿಲೋಗೂ ಹೆಚ್ಚು. ಅದರ ನೋಟ ಕಂಡವರು ತೂಕವನ್ನು ಮರೆಯುತ್ತಾರೆ, ಹತ್ತು ನಿಮಿಷದ ಮಟ್ಟಿಗೆ.

ಈಗ ನಿಮ್ಮ ತೇಲಾಟಕ್ಕೆ ಬರೋಣ. ಸೆನ್ಸರ್‌ಗೆ ತಿಳಿಯುವುದು ಕವಚ ತಿರುಗಿತು ಎಂಬುದಷ್ಟೆ. ಕೈ ನಡುಗಿತೋ, ನೀವು ಗಿಡುಗವನ್ನು ಹಿಂಬಾಲಿಸಲು ಬೇಕೆಂದೇ ತಿರುಗಿಸಿದಿರೋ, ಅದಕ್ಕೆ ಗೊತ್ತಾಗುವುದಿಲ್ಲ. ಚಿಕ್ಕದಾಗಿ, ಚುರುಕಾಗಿ, ಹಿಂದೆ-ಮುಂದೆ ಆದರೆ ನಡುಕ. ಒಂದೇ ದಿಕ್ಕಿಗೆ ಎಳೆದುಕೊಂಡು ಹೋದರೆ ಬೇಕೆಂದೇ ಮಾಡಿದ ತಿರುಗು ಎಂದು ಅದು ಅಂದಾಜು ಕಟ್ಟುತ್ತದೆ. ನೀವು ತಿರುಗಲು ಶುರುಮಾಡಿದ ಮೊದಲ ಗಳಿಗೆಯಲ್ಲಿ ಅದನ್ನು ನಡುಕವೆಂದೇ ಎಣಿಸಿ ತಡೆಯುತ್ತದೆ. ಅದರ ಹಿಡಿತಕ್ಕೂ ಒಂದು ಮಿತಿ ಇದೆ, ಕ್ಯಾನನ್ ಮಾದರಿಗಳಲ್ಲಿ ಸುಮಾರು ಒಂದು ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಮಿತಿ ಮುಟ್ಟಿದ ಮೇಲೆ ಬಿಟ್ಟುಕೊಟ್ಟು ಹಿಂದಿನಿಂದ ಬರುತ್ತದೆ. ನೀವು ನಿಲ್ಲಿಸಿದ ಮೇಲೂ ಒಂದಿಷ್ಟು ಜಾರುತ್ತದೆ. ನೀವು ತೇಲಾಟ ಎಂದಿದ್ದು ಇದನ್ನೇ. ತಲೆ ತಿರುಗುವುದಕ್ಕೂ ಇದೇ ಕಾರಣ: ಕತ್ತು ತಿರುಗಿದೆ ಎಂದು ಒಳಕಿವಿ ಹೇಳುತ್ತಿದೆ, ತಿರುಗಿಲ್ಲ ಎಂದು ಕಣ್ಣು ಹೇಳುತ್ತಿದೆ.

ಆದ್ದರಿಂದ ಬಳಸುವ ಕ್ರಮ ಹೀಗೆ. ಮೊದಲು ಗುಂಡಿ ಒತ್ತದೆ ಹಕ್ಕಿಯನ್ನು ಹುಡುಕಿ, ಫೋಕಸ್ ಮಾಡಿ, ಆಮೇಲೆ ಒತ್ತಿ. ಬಹಳ ಜನ ಬೈನಾಕ್ಯುಲರ್ ಎತ್ತುವಾಗಲೇ ಒತ್ತಿಕೊಂಡು ಎತ್ತುತ್ತಾರೆ, ಕೊಂಬೆಯಿಂದ ಕೊಂಬೆಗೆ ತೇಲುತ್ತಾ ಹುಡುಕುತ್ತಾರೆ, ಹಕ್ಕಿ ಸಿಗುವ ಹೊತ್ತಿಗೆ ಅದು ಹಾರಿರುತ್ತದೆ. ಬೆರಳು ಮೊದಲಿನಿಂದಲೂ ಗುಂಡಿಯ ಮೇಲೇ ಇರಲಿ. ಆಮೇಲೆ ತಡಕಿ ಒತ್ತಿದರೆ ಆ ಒತ್ತಿಗೇ ನೋಟ ಕದಲುತ್ತದೆ. ಒತ್ತಿದ ಮೇಲೆ ಒಂದು ಸೆಕೆಂಡು ಕೊಡಿ, ನೋಟ ನೆಲೆಗೊಳ್ಳುತ್ತದೆ. ಮಸುಕಾಗಿದೆ ಎನಿಸಿದರೆ ಮತ್ತೊಮ್ಮೆ ಫೋಕಸ್ ಮುಟ್ಟಿ. ನಡುಕ ಇದ್ದಾಗ ಕಾಣದಿದ್ದ ಫೋಕಸಿನ ಸಣ್ಣ ತಪ್ಪು ಈಗ ಎದ್ದು ಕಾಣುತ್ತದೆ, ಅದಕ್ಕೆ ಸ್ಟೆಬಿಲೈಸರನ್ನು ದೂರಬೇಡಿ.

ಹಾರುವ ಹಕ್ಕಿಯಲ್ಲೂ ಎರಡು ಬಗೆ. ಗಾಳಿಯಲ್ಲಿ ಸುತ್ತುಹಾಕುವ ಹದ್ದು, ಸಮನಾಗಿ ಸಾಗುವ ಕೊಕ್ಕರೆ, ಬಾತುಗಳ ಸಾಲು ಇವನ್ನು ಗುಂಡಿ ಒತ್ತದೆ ಹಿಂಬಾಲಿಸಿ, ನಿಮ್ಮ ತಿರುಗು ಹಕ್ಕಿಯ ವೇಗಕ್ಕೆ ಕೂಡಿಬಂದ ಮೇಲೆ ಒತ್ತಿದರೆ ರೆಕ್ಕೆಯ ತುದಿಗರಿಗಳನ್ನು ಎಣಿಸುವಷ್ಟು ಸ್ಪಷ್ಟವಾಗುತ್ತದೆ. ಬಾನಾಡಿ (ಸ್ವಿಫ್ಟ್), ಕವಲುತೋಕೆಗಳ (ಸ್ವಾಲೋ) ತಂಟೆಗೆ ಗುಂಡಿ ಒತ್ತಿಕೊಂಡು ಹೋಗಲೇಬೇಡಿ. ಅವು ಗಳಿಗೆಗೊಂದು ದಿಕ್ಕು ಬದಲಿಸುತ್ತವೆ, ಯಂತ್ರದ ಅಂದಾಜು ಪ್ರತಿ ಸಲವೂ ತಪ್ಪುತ್ತದೆ. ಎಲೆಗಳ ನಡುವೆ ಜಿಗಿಯುವ ಉಲಿಯಕ್ಕಿಗಳಿಗೂ ಇದೇ ಮಾತು. ಅದು ಒಂದು ಕಡೆ ಕೂತು ಹಾಡುವಾಗ ಒತ್ತಿ.

ಹಾಗಿದ್ದರೆ ಈ ಉಪಕರಣ ಯಾವುದಕ್ಕೆ? ಕೆಸರಿನಂಚಿನ ಉಲ್ಲಂಕಿಯ ಕಾಲು ಹಳದಿಯೋ ಹಸಿರೋ, ಕಾಲಿಗೆ ಕಟ್ಟಿದ ಉಂಗುರ ಯಾವ ಬಣ್ಣದ್ದು, ದೂರದ ಒಣಮರದ ಮೇಲೆ ಕೂತ ಬೇಟೆಹಕ್ಕಿಯ ಎದೆಯ ಗೆರೆ ಅಡ್ಡವೋ ಉದ್ದವೋ, ನೀರಿನ ಮೇಲಿನ ಗುಂಪಿನಲ್ಲಿ ಎಷ್ಟು ಹಕ್ಕಿ ಎಂಬಂಥವಕ್ಕೆ. ಕೈಯಲ್ಲಿ ಹಿಡಿದ ಸಾಮಾನ್ಯ 10 ಪಟ್ಟಿನ ಬೈನಾಕ್ಯುಲರ್‌ನಲ್ಲಿ ಅರೆಬರೆ ಕಂಡು, ಊಹೆಯಿಂದ ತುಂಬಿಕೊಂಡ ವಿವರಗಳು ಇಲ್ಲಿ ನಿಂತು ಕಾಣುತ್ತವೆ. ಊಹೆಯ ಪಟ್ಟಿಗಿಂತ ಕಂಡದ್ದರ ಪಟ್ಟಿ ಮೇಲು ಎನ್ನುವವನು ನಾನು, ಆ ಕಾರಣಕ್ಕೇ ಇಷ್ಟು ತೂಕ ಹೊತ್ತು ತಿರುಗುತ್ತೇನೆ.

ನಿಜವಾಗಿ ಕೆಟ್ಟಿದ್ದರೆ ಹೇಗೆ ಗೊತ್ತಾಗುತ್ತದೆ? ರಾತ್ರಿ ಒಂದು ಹೊಳೆಯುವ ನಕ್ಷತ್ರಕ್ಕೆ ಹಿಡಿದು ಗುಂಡಿ ಒತ್ತಿ. ಒಂದೇ ಚುಕ್ಕಿ ಕಂಡರೆ ಸರಿ. ಎರಡಾಗಿ ಬೇರ್ಪಟ್ಟರೆ, ಅಥವಾ ಒಂದು ಕೊಳವೆಯ ನೋಟ ನಿಂತು ಇನ್ನೊಂದರದ್ದು ಅಲುಗುತ್ತಿದ್ದರೆ ದೋಷವಿದೆ. ಆಗ ತಯಾರಕರ ಸರ್ವಿಸ್ ಕೇಂದ್ರಕ್ಕೇ ಕಳಿಸಿ. ಬೇರೆ ಯಾರೂ ಅದರ ಸ್ಕ್ರೂ ಬಿಚ್ಚಕೂಡದು. ‘ಕ್ಯಾಮೆರಾ ಬಿಚ್ಚುವವನಿಗೆ ಇದೇನು ಮಹಾ’ ಎಂದವರ ಕೈಗೆ ನನ್ನ ಗೆಳೆಯರೊಬ್ಬರು ತಮ್ಮದನ್ನು ಕೊಟ್ಟಿದ್ದರು. ವಾಪಸು ಬಂದಾಗ ಎರಡು ಕೊಳವೆ ಎರಡು ಕಡೆ ನೋಡುತ್ತಿದ್ದವು. ಅದನ್ನು ಸರಿಮಾಡಲು ಆಮೇಲೆ ಯಾರೂ ಒಪ್ಪಲಿಲ್ಲ.

ಪ್ರಶ್ನೆ: ಇದು ಬಂದ ಮೇಲೆ ನನ್ನ ಹಳೆಯ 8×42 ಮಾರಬಹುದೇ?

ಬೇಡ. 12×36ರ ನೋಟದ ಅಗಲ 5 ಡಿಗ್ರಿ, ಎಂದರೆ 1000 ಮೀಟರ್ ದೂರದಲ್ಲಿ 87 ಮೀಟರ್. ಒಳ್ಳೆಯ 8×42ರಲ್ಲಿ ಅದು 130 ಮೀಟರ್‌ಗೂ ಹೆಚ್ಚು. ದಟ್ಟ ಕಾಡಿನಲ್ಲಿ ಹಕ್ಕಿ ಬೇಗ ಸಿಗುವುದು ಅಗಲವಾದ ನೋಟದಲ್ಲೇ. ಬೆಳಕಿನ ಲೆಕ್ಕವೂ ಬೇರೆ. ಮುಂದಿನ ಗಾಜಿನ ಅಗಲವಾದ 36 ಮಿಲಿಮೀಟರನ್ನು ಹಿಗ್ಗಿಸುವ ಪಟ್ಟಾದ 12ರಿಂದ ಭಾಗಿಸಿದರೆ 3 ಮಿಲಿಮೀಟರ್, 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬಿಯ ದಪ್ಪ ಅದು. ಮುಸ್ಸಂಜೆಯಲ್ಲಿ ಪಾಪೆ ಹಿಗ್ಗಿದಾಗ ಈ ಅಂತರ ಚೆನ್ನಾಗಿ ತಿಳಿಯುತ್ತದೆ. ಸ್ಟೆಬಿಲೈಸರ್ ಬೆಳಕನ್ನು ಹುಟ್ಟಿಸುವುದಿಲ್ಲ. 10×42 ಐಎಸ್ ಇದಕ್ಕೆ ನಡುದಾರಿ, ಆದರೆ ತೂಕ ಒಂದು ಕಿಲೋ ದಾಟುತ್ತದೆ. ಚಿಟ್ಟೆ ನೋಡುವವರು ಇನ್ನೊಂದು ಸಂಗತಿ ನೆನಪಿಡಿ: 12×36 ಆರು ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ.

ಪ್ರಶ್ನೆ: 180 ಪಟ್ಟು ಹಿಗ್ಗಿಸುವ, ನೈಟ್ ವಿಷನ್ ಇರುವ ಬೈನಾಕ್ಯುಲರ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಅದು ಮೋಸ. ‘20–180×100’ ಎಂದು ಬರೆದಿರುವುದರ ಮುಂದಿನ ಗಾಜಿಗೆ ಒಂದು ಸ್ಕೇಲು ಹಿಡಿದು ನೋಡಿ, 100 ಮಿಲಿಮೀಟರ್ ಇದೆಯೇ ಎಂದು. ಇದ್ದರೂ 180 ಪಟ್ಟಿಗೆ ಕಣ್ಣಿಗೆ ಬರುವ ಕಂಬಿ ಅರ್ಧ ಮಿಲಿಮೀಟರ್ ಚಿಲ್ಲರೆ, ನಡುಕ 180 ಪಟ್ಟು. ಕೈಯಲ್ಲಿ ಹಿಡಿದು ಚಂದ್ರನನ್ನು ಕೂಡ ನೋಟದೊಳಗೆ ಉಳಿಸಿಕೊಳ್ಳಲಾಗದು. ಮಾಮೂಲಿ ಗಾಜಿನ ಮೇಲೆ ‘ನೈಟ್ ವಿಷನ್’ ಎಂದು ಅಚ್ಚು ಹಾಕಿದರೆ ಕತ್ತಲಲ್ಲಿ ಕಾಣುವುದಿಲ್ಲ. ಕೆಂಪಗೆ ಹೊಳೆಯುವ ಗಾಜು ಶ್ರೇಷ್ಠ ಎಂಬ ನಂಬಿಕೆಯನ್ನೂ ಇವತ್ತೇ ಬಿಡಿ. ಆ ಲೇಪ ಕೆಂಪು ಬೆಳಕನ್ನು ಹೊರಗೇ ಹಿಂತಿರುಗಿಸುತ್ತದೆ, ಒಳಗಿನ ನೋಟ ಹಸಿರಾಗುತ್ತದೆ. ಹಕ್ಕಿಯ ಬಣ್ಣ ನೋಡಬೇಕಾದವರಿಗೆ ಅದರಿಂದ ಏನು ಪ್ರಯೋಜನ? ಇಂಥದ್ದನ್ನು ಮಕ್ಕಳ ಕೈಗೆ ಮೊದಲ ಬೈನಾಕ್ಯುಲರ್ ಎಂದು ಕೊಟ್ಟು, ಅವರು ಎರಡೇ ದಿನಕ್ಕೆ ಹಕ್ಕಿಯ ಆಸೆಯನ್ನೇ ಬಿಟ್ಟದ್ದನ್ನು ಕಂಡಿದ್ದೇನೆ. ಮಾರುವವರ ಮೇಲೆ ನನಗೆ ಸಿಟ್ಟು ಅದಕ್ಕೆ.

ಪ್ರಶ್ನೆ: ಸ್ಟೆಬಿಲೈಸರ್‌ನಿಂದ ಕಣ್ಣಿಗೆ ಹಾನಿಯೇ?

ಇಲ್ಲ.

ಪ್ರಶ್ನೆ: ಗ್ರಹಣದ ದಿನ ಸೂರ್ಯನನ್ನು ನೋಡಬಹುದೇ?

ಮುಂದಿನ ಎರಡೂ ಗಾಜಿಗೆ ಸರಿಯಾದ ಸೌರ ಫಿಲ್ಟರ್ ಭದ್ರವಾಗಿ ಕೂರಿಸದೆ ಸೂರ್ಯನತ್ತ ಯಾವ ಬೈನಾಕ್ಯುಲರನ್ನೂ ಎತ್ತಬೇಡಿ, ಒಂದು ಕ್ಷಣಕ್ಕೂ.

ಪ್ರಶ್ನೆ: ವಿಮಾನ, ದೋಣಿ, ಜೀಪು ಎಲ್ಲ ಇರುವ ಪ್ರವಾಸ. ಏನು ಎಚ್ಚರ?

ಹೆಚ್ಚುವರಿ ಲಿಥಿಯಂ ಸೆಲ್‌ಗಳು ಚೆಕ್-ಇನ್ ಲಗೇಜಿಗೆ ಹೋಗಕೂಡದು. ತುದಿಗಳು ಒಂದಕ್ಕೊಂದು ತಾಗದಂತೆ ಸುತ್ತಿ ಕೈಚೀಲದಲ್ಲಿಡಿ, ಬೈನಾಕ್ಯುಲರನ್ನೂ ಅಲ್ಲೇ ಇಡಿ. ಚಳಿ ಪ್ರದೇಶಕ್ಕೆ ಲಿಥಿಯಂ ಸೆಲ್ಲೇ ಒಯ್ಯಿರಿ, ಆಲ್ಕಲೈನ್ ಚಳಿಗೆ ಬೇಗ ಸೋಲುತ್ತದೆ. ಪ್ರವಾಸ ಮುಗಿದ ದಿನವೇ ಸೆಲ್ ಹೊರಗೆ ತೆಗೆಯಿರಿ. ನಾನೊಮ್ಮೆ ಮಳೆಗಾಲವಿಡೀ ಒಳಗೇ ಬಿಟ್ಟು, ಸೋರಿದ ಸೆಲ್ ಸಂಪರ್ಕದ ತಗಡನ್ನು ತಿಂದುಹಾಕಿತ್ತು.

ದೋಣಿಯಲ್ಲಿ ಬೈನಾಕ್ಯುಲರ್ ಯಾವ ಜಾತಿಯದ್ದು ಎಂಬುದು ಮುಖ್ಯ. ಒಂದು ಡಿಗ್ರಿಯೊಳಗೆ ತಿದ್ದುವಂಥದ್ದು ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಅಲೆಯ ಹೊಯ್ದಾಟವನ್ನು ಅಲ್ಲ. ಅದಕ್ಕೆ ಮೂರರಿಂದ ಐದು ಡಿಗ್ರಿ ತಿದ್ದುವ ಟೆಕ್ನೋ-ಸ್ಟಾಬಿಯಂಥದ್ದೇ ಬೇಕು. ಅದೇ ಉಪಕರಣ ನೆಲದ ಮೇಲೆ ಹಾರುವ ಹಕ್ಕಿಯ ಹಿಂದೆ ಹೋದಾಗ ಇನ್ನಷ್ಟು ಹಟಮಾರಿಯಾಗುತ್ತದೆ, ಕಾರಣ ಮೇಲೆ ಹೇಳಿದ್ದೇ. ಓಡುವ ಜೀಪಿನಲ್ಲಿ ಯಾವುದೂ ಬೇಡ, ಕಣ್ಣಿಗೆ ಏಟಾಗುತ್ತದೆ. ನಿಲ್ಲಿಸಿ, ಎಂಜಿನ್ ಆರಿಸಿ, ಆಮೇಲೆ ನೋಡಿ. ಎಲ್ಲ ಮಾದರಿಗಳೂ ಜಲನಿರೋಧಕವಲ್ಲ, ಕೊಳ್ಳುವ ಮುನ್ನ ಇದನ್ನೊಂದು ಖಚಿತಪಡಿಸಿಕೊಳ್ಳಿ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಮುಲಾಮು ಪ್ಲಾಸ್ಟಿಕ್ಕನ್ನೂ ರಬ್ಬರನ್ನೂ ಕರಗಿಸುತ್ತದೆ. ಹಚ್ಚಿದ ಕೈ ತೊಳೆಯದೆ ಉಪಕರಣ ಮುಟ್ಟಬೇಡಿ.

ಪ್ರಶ್ನೆ: ಒಳಗಿನ ಗಾಜಿಗೆ ಬೂಷ್ಟು ಹಿಡಿದಿದೆ. ಬಿಸಿಲಿಗಿಟ್ಟು, ಹೇರ್ ಡ್ರೈಯರ್ ಹಿಡಿದರೆ ಹೋಗುತ್ತದೆ ಎನ್ನುತ್ತಾರೆ.

ಹೇಳಿದವರು ತಮ್ಮದಕ್ಕೆ ಹಾಗೆ ಮಾಡಿ ತೋರಿಸಲಿ. ಬಿಸಿಗೆ ಗ್ರೀಸ್ ಹರಿದು ಗಾಜಿಗೆ ಬರುತ್ತದೆ, ಅಂಟು ಸಡಿಲಾಗುತ್ತದೆ, ಬೂಷ್ಟು ಕೊರೆದ ಲೇಪ ಮಾತ್ರ ಮರಳಿ ಬರುವುದಿಲ್ಲ. ಸರ್ವಿಸ್‌ಗೆ ಕಳಿಸಿ. ಇನ್ನು ಮುಂದೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಪ್ರಶ್ನೆ: ಕಾಯಿಲೆಯಿಂದ ನನ್ನ ಕೈ ನಡುಗುತ್ತದೆ. ಹಕ್ಕಿ ನೋಡುವುದನ್ನು ಬಿಟ್ಟು ಎರಡು ವರ್ಷವಾಯಿತು. ಇದು ನನ್ನಂಥವರಿಗೆ ಉಪಯೋಗವೇ?

ಉಪಯೋಗವಾಗುವ ಸಾಧ್ಯತೆ ಬಹಳ. ಈ ಪತ್ರಕ್ಕೆ ಮೊದಲೇ ಉತ್ತರಿಸಬೇಕಿತ್ತು, ತಡವಾಯಿತು. ನಡುಕ ಚಿಕ್ಕದಾಗಿದ್ದರೆ ಮಾಮೂಲಿ ಐಎಸ್ ಸಾಕು. ಕೈ ಅಗಲವಾಗಿ ಬೀಸುವಂತಿದ್ದರೆ ಹೆಚ್ಚು ಡಿಗ್ರಿ ತಿದ್ದುವಂಥದ್ದು ಬೇಕು. ತೂಕ ಹೆಚ್ಚಾದಷ್ಟೂ ತೋಳು ದಣಿದು ನಡುಕ ಏರಬಹುದು, ಹಾಗಾಗಿ 8×20 ಐಎಸ್‌ನಂಥ ಹಗುರವಾದದ್ದನ್ನೇ ಮೊದಲು ಎತ್ತಿ ನೋಡಿ. ಅದು ಸುಮಾರು 420 ಗ್ರಾಂ. ಅದರ ಗಾಜು ಚಿಕ್ಕದು, ಮಬ್ಬು ಬೆಳಕಿನಲ್ಲಿ ಕಷ್ಟ, ಹಗಲಿಗೆ ಸಾಕು. ಪತ್ರಿಕೆಯ ಮಾತು ನಂಬಿ ದುಡ್ಡು ಕೊಡಬೇಡಿ, ನನ್ನ ಮಾತನ್ನೂ ಸೇರಿಸಿ. ಯಾರಿಂದಾದರೂ ಅರ್ಧ ಗಂಟೆಗೆ ಕೇಳಿ ಪಡೆಯಿರಿ. ಮೊಣಕೈ ಊರಲು ಮೇಜೋ ಕಟ್ಟೆಯೋ ಇರುವಲ್ಲಿ ಕೂತು, ತಂತಿಯ ಮೇಲೆ ಕೂತ ಯಾವುದಾದರೂ ಹಕ್ಕಿಯನ್ನು ಗುಂಡಿ ಒತ್ತದೆ ಒಮ್ಮೆ, ಒತ್ತಿ ಒಮ್ಮೆ ನೋಡಿ. ಎರಡನೆಯ ಸಲ ಅದರ ಕಣ್ಣಿನ ಬಣ್ಣ ಕಂಡರೆ ಕೊಳ್ಳಿ. ಏನು ಕಂಡಿತೆಂದು ನನಗೂ ಬರೆಯಿರಿ.