ಗೆಲ್ಲದ ಪಕ್ಷಕ್ಕೂ ಮಂಜೇಶ್ವರದಲ್ಲಿ ಬೆಲೆ ಯಾಕೆ?

ಕೇರಳದಲ್ಲಿ ಸರಕಾರ ರಚಿಸುವುದು ಸಿಪಿಎಂ ನೇತೃತ್ವದ ಎಡರಂಗ, ಇಲ್ಲವೇ ಕಾಂಗ್ರೆಸ್ ನೇತೃತ್ವದ ಐಕ್ಯರಂಗ. ಹಾಗಿದ್ದ ಮೇಲೆ ಚಿಕ್ಕ ಪಕ್ಷಕ್ಕೋ ಪಕ್ಷೇತರನಿಗೋ ಮತ ಹಾಕಿ ಏನು ಪ್ರಯೋಜನ ಎಂದು ಹೊರಗಿನವರು ಕೇಳುವುದುಂಟು. ಕಾಸರಗೋಡಿನ ಕನ್ನಡಿಗರಿಗೆ ಅದರ ಪ್ರಯೋಜನ ಚೆನ್ನಾಗಿ ಗೊತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷವೇ ಅಲ್ಲಿನ ಗಡಿ ಕ್ಷೇತ್ರ ಮಂಜೇಶ್ವರದಿಂದ ಪಕ್ಷೇತರ ಎಂ. ಉಮೇಶ ರಾವ್ ಅವಿರೋಧವಾಗಿ ವಿಧಾನಸಭೆಗೆ ಆಯ್ಕೆಯಾದರು. ಬಳಿಕ 1960, 1965, 1967ರಲ್ಲಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿಯವರು ಗೆದ್ದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 1970ರಲ್ಲಿ ಕ್ಷೇತ್ರ ಸಿಪಿಐ ಪಾಲಾಯಿತು. ಸಮಿತಿ ಸೋತರೂ ಅದು ಕಟ್ಟಿದ ಕನ್ನಡದ ಬೇಡಿಕೆಯನ್ನು ಯಾವ ರಂಗವೂ ಕೈಬಿಡುವಂತಿರಲಿಲ್ಲ. 2021ರಲ್ಲಿ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲೇ.

ಇನ್ನು ಅಂತರ ನೋಡಿ. ಇಲ್ಲಿ ಲೀಗಿಗೆ ನೇರ ಎದುರಾಳಿ ಬಿಜೆಪಿ. 2016ರಲ್ಲಿ ಸೋಲು-ಗೆಲುವಿನ ನಡುವೆ ಇದ್ದದ್ದು 89 ಮತ. ಕಣದಲ್ಲಿದ್ದ ಒಬ್ಬ ಚಿಕ್ಕ ಅಭ್ಯರ್ಥಿಗೆ ಸಿಕ್ಕಿದ್ದು 467. 2021ರ ಅಂತರ 745. ಇಂಥ ಕಡೆ ಐನೂರು ಮತ ಕೈಯಲ್ಲಿರುವ ಗುಂಪಿನ ಮನೆಬಾಗಿಲಿಗೆ ದೊಡ್ಡ ಪಕ್ಷದವರು ತಾವಾಗಿಯೇ ಬರುತ್ತಾರೆ. ಅಂತರ ಇಪ್ಪತ್ತು ಸಾವಿರ ಇರುವ ಕ್ಷೇತ್ರದಲ್ಲಿ ಅದೇ ಐನೂರನ್ನು ಕೇಳುವವರಿಲ್ಲ.

ಸ್ಪರ್ಧಿಸುವುದು ಸುಲಭವಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಸಿಂಧು ಮತದ ಆರನೇ ಒಂದು ಭಾಗ ದಾಟದಿದ್ದರೆ ಅದು ಮುಟ್ಟುಗೋಲು. ಒಂದೂವರೆ ಲಕ್ಷ ಮತ ಬಿದ್ದಲ್ಲಿ 25,000 ದಾಟಬೇಕು. ರಾಜ್ಯ ಪಕ್ಷದ ಮಾನ್ಯತೆಗಿರುವ ಒಂದು ದಾರಿ ರಾಜ್ಯಮಟ್ಟದಲ್ಲಿ ಶೇ. 6 ಮತ, ಜೊತೆಗೆ ಎರಡು ಸ್ಥಾನ. ಗಡಿಯ ಒಂದೆರಡು ಕ್ಷೇತ್ರಗಳಲ್ಲಷ್ಟೇ ನೆಲೆಯಿರುವ ಭಾಷಾ ಪಕ್ಷಕ್ಕೆ 140 ಕ್ಷೇತ್ರಗಳ ರಾಜ್ಯದಲ್ಲಿ ಅದು ದಕ್ಕುವ ಮಾತಲ್ಲ. ನನ್ನ ಮಟ್ಟಿಗೆ ಇದು ಭಾಷಾ ಅಲ್ಪಸಂಖ್ಯಾತರಿಗೆ ಆಗುತ್ತಿರುವ ಅನ್ಯಾಯ.

ಬೇಡಿಕೆ ಇಡುವಾಗಲೇ ಹೆಚ್ಚಿನವರು ಎಡವುವುದು. "ಕನ್ನಡ ಉಳಿಸಿ" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ನಾಮಪತ್ರ ಹಿಂತೆಗೆಯುವ ದಿನಕ್ಕೆ ಮೊದಲೇ ದೊಡ್ಡ ಪಕ್ಷದವರನ್ನು ಬರಹದಲ್ಲಿ ಕೇಳಬೇಕು: ಯಾವ ಕನ್ನಡ ಮಾಧ್ಯಮ ಶಾಲೆಯಲ್ಲಿ ಯಾವ ವಿಷಯದ ಹುದ್ದೆ ಖಾಲಿ, ಅದನ್ನು ನೇಮಕಾತಿ ನಡೆಸುವ ಪಿಎಸ್‌ಸಿಗೆ (ಲೋಕಸೇವಾ ಆಯೋಗಕ್ಕೆ) ವರದಿ ಮಾಡಿದ್ದಾರೆಯೇ, ಕನ್ನಡ ಬಲ್ಲವರ ರ‍್ಯಾಂಕ್ ಪಟ್ಟಿಯ ಅವಧಿ ಮುಗಿಯುವುದು ಯಾವಾಗ? ಹುದ್ದೆ ವರದಿಯಾಗದೆ ಪಟ್ಟಿ ರದ್ದಾದರೆ ಮಕ್ಕಳು ವರ್ಷಗಟ್ಟಲೆ ಕಾಯಬೇಕು. ಕನ್ನಡ ಬಾರದ ಅಧ್ಯಾಪಕರು ಗಣಿತ ಹೇಳಿಕೊಡಲು ಬಂದರೆ ಹತ್ತನೇ ತರಗತಿಯ ಮಗು ಏನು ಮಾಡಬೇಕು? ಸರಕಾರಿ ಕಚೇರಿಯೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು 1969ರ ಭಾಷಾ ಕಾಯ್ದೆಯಲ್ಲೇ ಇದೆ; ಅರ್ಜಿ ನಮೂನೆ, ಗ್ರಾಮಸಭೆಯ ನೋಟೀಸು ಕನ್ನಡದಲ್ಲೂ ಬರಲಿ ಎಂದು ಕೇಳುವಾಗ ಅದನ್ನು ಹೆಸರಿಸಿಯೇ ಕೇಳಿ.

ಪಂಚಾಯತಿನಲ್ಲಿ ಚಿಕ್ಕವರ ಬಲ ಇನ್ನೂ ಹೆಚ್ಚು. ಅಧ್ಯಕ್ಷರನ್ನು ಆರಿಸುವುದು ಸದಸ್ಯರು. ಎರಡೂ ಕಡೆ ಸಮಬಲವಾದರೆ ಚೀಟಿ ಎತ್ತುತ್ತಾರೆ. ನಡುವೆ ಒಬ್ಬ ಪಕ್ಷೇತರನಿದ್ದರೆ ಅವನ ಕೈ ಯಾರ ಪರ ಏಳುತ್ತದೋ ಅವರದೇ ಆಡಳಿತ. ಆದರೆ ಗೆದ್ದ ಮೇಲೆ ಅವರು ಯಾವುದಾದರೂ ಪಕ್ಷ ಸೇರಿದರೆ 1999ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವ ಹೋಗುತ್ತದೆ, ಆರು ವರ್ಷ ಸ್ಪರ್ಧಿಸುವಂತೆಯೂ ಇಲ್ಲ. ಬೆಂಬಲವನ್ನು ಹೊರಗಿನಿಂದಲೇ ಕೊಡಬೇಕು.