ರೋಮ್‌ನ ಆ ಒಂದು ವರ್ಷ ದಂಡವಾಯಿತೇ?

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಬ್ರ್ಯಾಂಡನ್ ಜೆನ್ನಿಂಗ್ಸ್ ಬಗ್ಗೆ ಬಂದ ಲೇಖನ ಓದಿದೆ. ಕಾಲೇಜು ಬಿಟ್ಟು ದುಡ್ಡಿನ ಹಿಂದೆ ಇಟಲಿಗೆ ಹೋದ ಹುಡುಗ. ಅಲ್ಲಿ ಬೆಂಚಿನ ಮೇಲೆ ಕೂತಿದ್ದೇ ಜಾಸ್ತಿ. ಇಂಥವರನ್ನು ನಮ್ಮ ಮಕ್ಕಳಿಗೆ ತೋರಿಸಬೇಕಾ? ನನ್ನ ಮಗ ಪಿಯುಸಿ ಓದುತ್ತಾ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ. ಲೇಖನ ಓದಿದ ಮೇಲೆ ಪುಸ್ತಕವನ್ನೇ ಮುಟ್ಟುತ್ತಿಲ್ಲ. ಅಮೆರಿಕದ ಹುಡುಗರು ಈಗಲೂ ಹೀಗೆ ಹೊರದೇಶಕ್ಕೆ ಹೋಗುತ್ತಾರಾ? – ಒಬ್ಬ ಓದುಗ, ದಾವಣಗೆರೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಆತಂಕ ಅರ್ಥವಾಗುತ್ತದೆ. ಮಗನ ಓದಿನ ಚಿಂತೆ ಯಾವ ತಂದೆಗೆ ಇರುವುದಿಲ್ಲ? ಆದರೆ ಜೆನ್ನಿಂಗ್ಸ್ ಬಗ್ಗೆ ನೀವು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಲೇಖನದಲ್ಲಿ ಜಾಗ ಸಾಲದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

"ದುಡ್ಡಿನ ಹಿಂದೆ ಹೋದ" ಎಂದಿದ್ದೀರಿ. ಹೌದು, ಹೋದ. ಅದರಲ್ಲಿ ತಪ್ಪೇನು? ಅವನು ಹುಟ್ಟಿದ್ದು 1989ರಲ್ಲಿ, ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ. ಹೈಸ್ಕೂಲ್ ಮುಗಿಸುವಾಗ ಅವನ ವಯಸ್ಸಿನ ಪಾಯಿಂಟ್ ಗಾರ್ಡ್‌ಗಳಲ್ಲಿ (ತಂಡದ ಆಟವನ್ನು ಮುನ್ನಡೆಸುವವರು) ದೇಶಕ್ಕೇ ಮುಂದಿದ್ದ ಹುಡುಗರಲ್ಲಿ ಒಬ್ಬ. ಕೆಲವೇ ವರ್ಷ ಮೊದಲಾಗಿದ್ದರೆ ನೇರವಾಗಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಸೇರಬಹುದಿತ್ತು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರ್ಯಾಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದಲೇ ಬಂದವರು. ಆಟಗಾರರ ಸಂಘದ ಜೊತೆಗಿನ 2005ರ ಒಪ್ಪಂದದಲ್ಲಿ ಎನ್‌ಬಿಎ ಆ ಬಾಗಿಲು ಮುಚ್ಚಿತು. ಅಮೆರಿಕದ ಹುಡುಗನಿಗೆ 19 ತುಂಬುವ ವರ್ಷ ಆಗಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷವೂ ಕಳೆದಿರಬೇಕು. ಆಮೇಲಷ್ಟೇ ಡ್ರಾಫ್ಟ್, ಅಂದರೆ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ.

ಆ ಒಂದು ವರ್ಷ ಏನು ಮಾಡಬೇಕು? ಎಲ್ಲರೂ ಕಾಲೇಜಿಗೆ ಹೋಗಿ ಆಡುತ್ತಿದ್ದರು. ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಅಲ್ಲಿ ದೊಡ್ಡ ವ್ಯಾಪಾರ. ಮಾರ್ಚ್ ತಿಂಗಳಲ್ಲಿ ಶುರುವಾಗುವ ಅದರ ಟೂರ್ನಿಯ ಟಿವಿ ಹಕ್ಕುಗಳು 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಮಾರಾಟವಾದದ್ದು 2010ರಲ್ಲಿ. ಕೋಚ್‌ಗಳಿಗೆ ಕೋಟಿಗಟ್ಟಲೆ ಸಂಬಳ. ಶೂ ಕಂಪನಿಗಳಿಗೂ ಲಾಭ. ಬೆವರು ಸುರಿಸುವ ಹುಡುಗನಿಗೆ ಮಾತ್ರ ಫೀಸು, ಊಟ, ವಸತಿ, ಅಷ್ಟೇ. ತನ್ನ ಹೆಸರು ಹಾಕಿದ ಜೆರ್ಸಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವುದಕ್ಕೂ ಆಗ ನಿಯಮ ಬಿಡುತ್ತಿರಲಿಲ್ಲ. ಇದು ಅನ್ಯಾಯ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಜೆನ್ನಿಂಗ್ಸ್ ಕೂಡ ಅರಿಝೋನಾ ವಿಶ್ವವಿದ್ಯಾಲಯಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡಿದ್ದ. ಪ್ರವೇಶ ಪರೀಕ್ಷೆಯ ಅಂಕಗಳದ್ದೇ ಗೊಂದಲವಾಗಿ ಸೀಟು ಖಚಿತವಾಗಿರಲಿಲ್ಲ. ಶೂ ಕಂಪನಿಗಳ ಲೋಕವನ್ನು ಒಳಗಿಂದ ಕಂಡಿದ್ದ ಸಾನಿ ವಕಾರೋ ಎಂಬ ಹಿರಿಯರು ಯುರೋಪಿನ ದಾರಿ ತೋರಿಸಿದರು. 2008ರ ಜುಲೈನಲ್ಲಿ ಅವನು ಲೊಟ್ಟೊಮಾಟಿಕಾ ರೋಮಾ ತಂಡದ ಜೊತೆ ಕರಾರು ಮಾಡಿಕೊಂಡ. ಹತ್ತು ಲಕ್ಷ ಡಾಲರ್‌ಗೂ ಮೀರಿದ ಮೊತ್ತ, ಜೊತೆಗೆ ಅಂಡರ್ ಆರ್ಮರ್ ಎಂಬ ಶೂ, ಕ್ರೀಡಾ ಉಡುಪಿನ ಕಂಪನಿಯ ಒಪ್ಪಂದ ಬೇರೆ. ಕಾಲೇಜಿನ ಬದಲು ಯುರೋಪಿನಲ್ಲಿ ಸಂಬಳಕ್ಕೆ ಆಡಿ ಒಂದು ವರ್ಷ ಕಳೆಯುವ ದಾರಿಯನ್ನು ಅಷ್ಟು ದೊಡ್ಡ ಹೆಸರಿನ ಹುಡುಗ ಅದಕ್ಕೆ ಮೊದಲು ಹಿಡಿದಿರಲಿಲ್ಲ. ತಾಯಿ ಮತ್ತು ತಮ್ಮ ಕೂಡ ಅವನ ಜೊತೆ ರೋಮ್‌ಗೆ ಮನೆ ಬದಲಿಸಿದರು.

ಇನ್ನು ಬೆಂಚಿನ ಮಾತು. ಇಟಾಲಿಯನ್ ಲೀಗ್‌ನಲ್ಲಿ ಅವನು ಪಂದ್ಯಕ್ಕೆ ಸರಾಸರಿ 5.5 ಪಾಯಿಂಟ್ ಗಳಿಸಿದ. ಅಂಕಿ ಸಣ್ಣದೇ. ಆದರೆ ಅದರ ಹಿಂದೆ ಏನಿದೆ ನೋಡಿ. ಯುರೋಪಿನ ಕ್ಲಬ್ಬಿನಲ್ಲಿ ಪಂದ್ಯ 40 ನಿಮಿಷ, ಎನ್‌ಬಿಎಯಲ್ಲಿ 48. ವಾರದ ನಡುವೆ ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ ಯೂರೋಲೀಗ್, ವಾರದ ಕೊನೆಗೆ ದೇಶದ ಲೀಗ್. ಉಳಿದ ದಿನಗಳಲ್ಲಿ ಬೆಳಿಗ್ಗೆ ಸಂಜೆ ಅಭ್ಯಾಸ. ಲೀಗಿನ ಪಂದ್ಯಗಳು ಕಡಿಮೆ, ಹಾಗಾಗಿ ಒಂದು ಸೋತರೂ ಕೋಚ್ ಕುರ್ಚಿ ಅಲುಗಾಡುತ್ತದೆ. ಹುಡುಗರನ್ನು ಬೆಳೆಸುತ್ತಾ ಕೂರಲು ಅವರಿಗೆ ಪುರುಸೊತ್ತು ಎಲ್ಲಿ? ಎದುರಿಗೆ ಆಡುವವರು ಮೂವತ್ತು ದಾಟಿದ, ಮೈಕೈ ತುಂಬಿಕೊಂಡ ಗಂಡಸರು. ರೋಮಾದಲ್ಲಿ ಆ ವರ್ಷ ಕೋಚ್ ಕೂಡ ಬದಲಾದರು. ಯಾಸ್ಮಿನ್ ರೆಪೇಶಾ ಸೀಸನ್ ನಡುವೆಯೇ ಹೋದರು, ನಾಂದೊ ಜೆಂಟಿಲೆ ಬಂದರು. ಹತ್ತೊಂಬತ್ತರ ಹುಡುಗ ಒಂದು ರಾತ್ರಿ ಇಪ್ಪತ್ತು ನಿಮಿಷ ಆಡಿದರೆ ಇನ್ನೊಂದು ರಾತ್ರಿ ಟವೆಲ್ ಹೊದ್ದು ಕೂತಿರುತ್ತಿದ್ದ.

ಅವನೂ ಇದನ್ನು ಮುಚ್ಚಿಡಲಿಲ್ಲ. ಸಂಬಳ ಸಮಯಕ್ಕೆ ಬರುತ್ತಿಲ್ಲ, ನನ್ನನ್ನು ಚಿಕ್ಕ ಹುಡುಗನ ಹಾಗೆ ನೋಡುತ್ತಾರೆ, ಈ ದಾರಿ ಎಲ್ಲರಿಗೂ ಆಗಿಬರುವುದಲ್ಲ ಎಂದು ಅಲ್ಲಿಂದಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಇಮೇಲ್ ಬರೆದಿದ್ದ. ನನಗೆ ಅವನ ಮೇಲೆ ಗೌರವ ಮೂಡಿದ್ದೇ ಅಲ್ಲಿ. ಇಷ್ಟೆಲ್ಲ ಹೇಳಿಯೂ ಅವನು ನಡುವೆ ಬಿಟ್ಟು ಬರಲಿಲ್ಲ. ಆ ಸೀಸನ್ ಪೂರ್ತಿ ಆಡಿ ಮುಗಿಸಿದ.

2009ರ ಜೂನ್ 25ರಂದು ನ್ಯೂಯಾರ್ಕ್‌ನಲ್ಲಿ ಡ್ರಾಫ್ಟ್ ನಡೆಯಿತು. ತನ್ನ ಸರದಿ ಎಲ್ಲಿ ಹಿಂದೆ ಬೀಳುತ್ತದೋ ಎಂಬ ಅಳುಕಿನಿಂದ ಅವನು ಸಭಾಂಗಣಕ್ಕೇ ಬಂದಿರಲಿಲ್ಲ. ಹತ್ತನೇ ಆಯ್ಕೆಯಾಗಿ ಮಿಲ್ವಾಕಿ ಬಕ್ಸ್ ಅವನ ಹೆಸರು ಕರೆಯಿತು. ಸ್ವಲ್ಪ ಹೊತ್ತಿನ ನಂತರ ಓಡಿಬಂದು ವೇದಿಕೆ ಹತ್ತಿ ಎನ್‌ಬಿಎ ಮುಖ್ಯಸ್ಥರಾದ ಕಮಿಷನರ್ ಕೈಕುಲುಕಿದ.

ಅದೇ ವರ್ಷದ ನವೆಂಬರ್ 14. ಅವನಿಗೆ ಅದು ಎನ್‌ಬಿಎಯಲ್ಲಿ ಏಳನೇ ಪಂದ್ಯ, ಎದುರಾಳಿ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಪಂದ್ಯದ ನಾಲ್ಕು ಭಾಗಗಳಲ್ಲಿ ಮೊದಲನೆಯದರಲ್ಲಿ, ಅಂದರೆ ಮೊದಲ ಕ್ವಾರ್ಟರ್‌ನಲ್ಲಿ, ಅವನ ಖಾತೆಯಲ್ಲಿ ಸೊನ್ನೆ. ಮೂರನೇ ಕ್ವಾರ್ಟರ್ ಒಂದರಲ್ಲೇ 29. ಪಂದ್ಯ ಮುಗಿದಾಗ 55 ಪಾಯಿಂಟ್! ದೂರದಿಂದ ಎಸೆಯುವ, ಮೂರು ಪಾಯಿಂಟ್ ತರುವ ತ್ರೀ-ಪಾಯಿಂಟರ್‌ಗಳನ್ನು ಎಂಟು ಸಲ ಎಸೆದು ಏಳನ್ನು ಬುಟ್ಟಿಗೆ ಹಾಕಿದ್ದ. ಬಕ್ಸ್ 129-125ರಿಂದ ಗೆದ್ದಿತು. ಅದೇ ತಂಡದಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಹೊಸಬರಾಗಿದ್ದಾಗ ಮಾಡಿದ್ದ 51ರ ದಾಖಲೆ ಮುರಿಯಿತು. ಬೆಂಚಿನ ಮೇಲೆ ಕೂತು ಅವನು ಏನು ಕಲಿತ ಅಂತ ನೀವು ಕೇಳಬಹುದು. ಮೊದಲ ಕ್ವಾರ್ಟರ್‌ನಲ್ಲಿ ಸೊನ್ನೆ ಸುತ್ತಿಯೂ ಎದೆಗುಂದದೆ ಆಡುವುದನ್ನು ರೋಮ್‌ನ ಆ ಬೆಂಚು ಕಲಿಸಿರಬೇಕು ಎಂದು ನಾನು ನಂಬುತ್ತೇನೆ.

ಆಮೇಲಿನ ಅವನ ದಾರಿ ಸರಳವಾಗಿರಲಿಲ್ಲ. ಡೆಟ್ರಾಯಿಟ್ ತಂಡಕ್ಕೆ ಹೋದ. 2015ರ ಜನವರಿಯಲ್ಲಿ ಒಂದು ಪಂದ್ಯದಲ್ಲಿ 21 ಅಸಿಸ್ಟ್ ಕೊಟ್ಟ, ಅಂದರೆ ಅವನ ಪಾಸ್‌ಗಳಿಂದ ಜೊತೆಗಾರರು 21 ಸಲ ಬುಟ್ಟಿಗೆ ಹಾಕಿದರು. ಮೂರೇ ದಿನಕ್ಕೆ, ಅದೂ ಮಿಲ್ವಾಕಿಯ ಅಂಗಳದಲ್ಲೇ, ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಹಳೆಯ ವೇಗ ಮತ್ತೆ ಬರಲಿಲ್ಲ. ಆಮೇಲೆ ಚೀನಾದಲ್ಲೂ ರಷ್ಯಾದಲ್ಲೂ ಆಡಿದ. ಪೆಟ್ಟು ಬಿದ್ದದ್ದಕ್ಕೆ ಇಟಲಿಗೆ ಹೋದ ನಿರ್ಧಾರವನ್ನು ದೂರಲಾಗದು, ಅಲ್ವಾ?

ಎಲ್ಲರ ಕಥೆಯೂ ಹೀಗೆ ಆಗಲಿಲ್ಲ ಅನ್ನುವುದನ್ನು ನಿಮ್ಮ ಮಗನಿಗೆ ಖಂಡಿತ ಹೇಳಿ. ಜೆನ್ನಿಂಗ್ಸ್ ಇಟಲಿಗೆ ಹೋದ ಮರುವರ್ಷ, 2009ರಲ್ಲಿ, ಜೆರೆಮಿ ಟೈಲರ್ ಎಂಬ ಹುಡುಗ ಹೈಸ್ಕೂಲನ್ನೇ ಮುಗಿಸದೆ ಇಸ್ರೇಲಿನ ಮಕಾಬಿ ಹೈಫಾ ತಂಡ ಸೇರಿದ. ಸೀಸನ್ ಮುಗಿಯುವ ಮೊದಲೇ ಮನೆಗೆ ವಾಪಸ್. ಜೆನ್ನಿಂಗ್ಸ್ ಹೈಸ್ಕೂಲ್ ಮುಗಿಸಿ ಹೊರಟವನು, ಕರಾರು ಕೈಯಲ್ಲಿತ್ತು, ಮನೆಯವರು ಜೊತೆಗಿದ್ದರು. ನಿಮ್ಮ ಮಗ ಪಿಯುಸಿ ಪರೀಕ್ಷೆ ಬರೆಯಲಿ, ಆಟವನ್ನೂ ಆಡಲಿ. ಎರಡರಲ್ಲಿ ಒಂದನ್ನು ಬಿಡು ಎಂದು ಅವನಿಗೆ ಈಗ ಯಾರೂ ಹೇಳಿಲ್ಲ. ಸುಮ್ನೆ ನೀವಾಗಿ ಹೇಳಬೇಡಿ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷ ಆ ದಾರಿಯಲ್ಲಿ ಓಡಾಟ ಇತ್ತು. 2014ರಲ್ಲಿ ಇಮ್ಯಾನುಯೆಲ್ ಮುಡಿಯೇ ಚೀನಾದ ಗ್ವಾಂಗ್‌ಡಾಂಗ್‌ಗೆ ಹೋದ. 2019ರಲ್ಲಿ ಲಮೆಲೋ ಬಾಲ್ ಆಸ್ಟ್ರೇಲಿಯಾದ ಇಲ್ಲವಾರಾ ಹಾಕ್ಸ್ ಸೇರಿದ, ಮುಂದಿನ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಆಯ್ಕೆಯಾದ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದಿಂದ ಸಂಪಾದಿಸಬಹುದು ಎಂದಾಯಿತು. ಈಗ ಕಾಲೇಜುಗಳೇ ನೇರವಾಗಿ ಹಣ ಕೊಡಲೂ ಅವಕಾಶವಿದೆ. ಹಾಗಾಗಿ ಹದಿನೆಂಟಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೊರದೇಶಕ್ಕೆ ಹೊರಡುವ ಅಮೆರಿಕದ ಹುಡುಗರು ಈಗ ಅಪರೂಪ. ಈಗ ಹೊರದೇಶದಿಂದ ಅಮೆರಿಕದ ಕಾಲೇಜುಗಳಿಗೆ ಬರುವವರೇ ಜಾಸ್ತಿ. ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನಲ್ಲಿ ಬೆಳೆದ ರಷ್ಯಾದ ಯೆಗೋರ್ ದ್ಯೋಮಿನ್ 2024ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಆಡಲು ಬಂದ. ಒಂದೇ ವರ್ಷ ಆಡಿ, 2025ರ ಡ್ರಾಫ್ಟ್‌ನಲ್ಲಿ ಎಂಟನೆಯವನಾಗಿ ಬ್ರೂಕ್ಲಿನ್ ನೆಟ್ಸ್ ಸೇರಿದ.

– ಸಂಪಾದಕ